ಸೀಮೆಗೊಬ್ಬರ, ಸರ್ಕಾರಿ ಗೊಬ್ಬರ

ಹಳೇ ಮೈಸೂರು ಕಡೆಯ ಹಿರಿಯ ರೈತರು ಯೂರಿಯಾ, ಡಿಎಪಿ, ಪೊಟ್ಯಾಷ್ ಎಲ್ಲವನ್ನೂ ಒಟ್ಟಾಗಿ ಕರೆಯುವುದು ಸೀಮೆಗೊಬ್ಬರ ಎಂದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳ ಸಾಲಿಗೆ ಸೇರುವ ಮಾತು ಇದು. ಹೊರಗಿನಿಂದ ಬಂದದ್ದು, ನಮ್ಮ ನೆಲದ್ದಲ್ಲ ಎಂಬ ಅರ್ಥ ಅದರೊಳಗಿದೆ. ಉತ್ತರ ಕರ್ನಾಟಕದ ಹಲವು ಕಡೆ ಅದೇ ಚೀಲಕ್ಕೆ ಸರ್ಕಾರಿ ಗೊಬ್ಬರ ಎಂಬ ಹೆಸರಿದೆ. ಒಂದು ಹೆಸರು ಆ ವಸ್ತು ಎಲ್ಲಿಂದ ಬಂತು ಎಂದು ಹೇಳಿದರೆ, ಇನ್ನೊಂದು ಅದನ್ನು ಯಾರು ತಂದುಕೊಟ್ಟರು ಎಂದು ಹೇಳುತ್ತದೆ. ರಾಸಾಯನಿಕ ಗೊಬ್ಬರದ ಚರಿತ್ರೆಯನ್ನು ಓದಹೊರಟವರಿಗೆ ಈ ಎರಡು ಹೆಸರುಗಳೇ ಅರ್ಧ ದಾರಿ ತೋರಿಸುತ್ತವೆ.

ಉಳಿದರ್ಧ ದಾರಿಯಲ್ಲಿ ಎದುರಾಗುವುದು ಒಂದು ಹೋಲಿಕೆ. ಚೀನಾದ ರೈತ ಹೆಕ್ಟೇರಿಗೆ ನಮಗಿಂತ ಎರಡು ಪಟ್ಟಿಗೂ ಹೆಚ್ಚು ಗೊಬ್ಬರ ಹಾಕುತ್ತಾನೆ ಎಂಬ ಮಾತನ್ನು ಪತ್ರಿಕೆಗಳಲ್ಲಿ, ವಿಚಾರ ಸಂಕಿರಣಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ವಿಚಿತ್ರವೆಂದರೆ ಇದೇ ಮಾತನ್ನು ಎರಡು ವಿರುದ್ಧ ಪಕ್ಷದವರೂ ಬಳಸುತ್ತಾರೆ. ನಾವು ಹಾಕುತ್ತಿರುವುದೇ ಕಡಿಮೆ, ಇನ್ನೂ ಹಾಕಬೇಕು ಎನ್ನುವವರಿಗೂ ಅದೇ ಸಾಕ್ಷಿ. ನೋಡಿ, ಚೀನಾದ ನೆಲ ಹಾಳಾಯಿತು, ನಾವು ತಿಪ್ಪೆಗೇ ಮರಳಬೇಕು ಎನ್ನುವವರಿಗೂ ಅದೇ ಸಾಕ್ಷಿ. ನಾನು ಕೃಷಿ ಚರಿತ್ರೆಯ ಸಂಶೋಧನಾ ವಿದ್ಯಾರ್ಥಿ. ಸರಗೂರು, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಸೀಮೆಯ ಬೇಸಾಯ ನನ್ನ ಓದಿನ ಹರವು. ಈ ಹೋಲಿಕೆಯನ್ನು ಸರಗೂರಿನ ಒಂದು ಹೊಲದಲ್ಲಿ ನಿಂತು ಪರೀಕ್ಷಿಸಿದರೆ ಏನು ಕಾಣುತ್ತದೆ ಎಂಬುದು ಈ ಬರಹದ ಪ್ರಶ್ನೆ.

ಮೊದಲು ಅಂಕಿಯನ್ನೇ ನೋಡೋಣ. 2015ರಲ್ಲಿ ಚೀನಾ ಬಳಸಿದ ರಾಸಾಯನಿಕ ಗೊಬ್ಬರದ ಪೋಷಕಾಂಶ ಸುಮಾರು 6 ಕೋಟಿ ಟನ್. ಅದು ಆ ದೇಶದ ಶಿಖರ. ಭಾರತ 2020–21ರಲ್ಲಿ ಬಳಸಿದ್ದು ಸುಮಾರು 3.2 ಕೋಟಿ ಟನ್. ಇದನ್ನು ಹೆಕ್ಟೇರಿನಿಂದ ಭಾಗಿಸಬೇಕು. ಯಾವ ಹೆಕ್ಟೇರು? ಭಾರತದ ನಿವ್ವಳ ಬಿತ್ತನೆ ಪ್ರದೇಶ ಸುಮಾರು 14 ಕೋಟಿ ಹೆಕ್ಟೇರ್. ಒಂದೇ ಹೊಲದಲ್ಲಿ ಎರಡು ಬೆಳೆ ತೆಗೆದದ್ದನ್ನು ಎರಡು ಸಲ ಎಣಿಸಿದರೆ ಅದೇ ನೆಲ ಸುಮಾರು 21 ಕೋಟಿ ಹೆಕ್ಟೇರ್ ಆಗುತ್ತದೆ. ಮೊದಲ ಲೆಕ್ಕದಲ್ಲಿ ನಮ್ಮ ಬಳಕೆ ಹೆಕ್ಟೇರಿಗೆ ಸುಮಾರು 230 ಕಿಲೋ, ಎರಡನೆಯದರಲ್ಲಿ 150. ಚೀನಾಕ್ಕೂ ಹೀಗೆಯೇ ಎರಡು ಅಂಕಿಗಳಿವೆ: ಎರಡು ಬೆಳೆಯ ಲೆಕ್ಕದಲ್ಲಿ 360ರ ಸುಮಾರು, ಉಳುಮೆ ಭೂಮಿಯ ಲೆಕ್ಕದಲ್ಲಿ 440ಕ್ಕೂ ಹೆಚ್ಚು. ಒಂದು ದೇಶದ ದೊಡ್ಡ ಅಂಕಿಯನ್ನೂ ಇನ್ನೊಂದರ ಸಣ್ಣ ಅಂಕಿಯನ್ನೂ ಜೋಡಿಸಿದರೆ ಸುಲಭವಾಗಿ ಮೂರು ಪಟ್ಟಿನ ಅಂತರ ಸಿಗುತ್ತದೆ. ಸರಿಯಾಗಿ ಜೋಡಿಸಿದರೂ ಚೀನಾದ ಬಳಕೆ ನಮ್ಮ ಎರಡು ಪಟ್ಟಿನ ಹತ್ತಿರ ಇತ್ತೆಂಬುದು ನಿಜ. ಆದರೆ ಆ ಅಂತರ ಎರಡು ನಾಡಿನ ರೈತರ ಸ್ವಭಾವದಿಂದ ಹುಟ್ಟಿದ್ದಲ್ಲ. ಅದಕ್ಕೆ ನೂರು ವರ್ಷದ ಚರಿತ್ರೆಯಿದೆ.

ತಿಪ್ಪೆ ಮತ್ತು ಊರಾಚೆ

1889ರ ಕೊನೆಯಲ್ಲಿ ಇಂಗ್ಲೆಂಡಿನ ಕೃಷಿ ರಸಾಯನಶಾಸ್ತ್ರಜ್ಞ ಜಾನ್ ಅಗಸ್ಟಸ್ ವೋಲ್ಕರ್ ಭಾರತಕ್ಕೆ ಬಂದರು. ಒಂದು ವರ್ಷಕ್ಕೂ ಹೆಚ್ಚು ಕಾಲ ದೇಶ ಸುತ್ತಿ, 1893ರಲ್ಲಿ ವರದಿ ಪ್ರಕಟಿಸಿದರು. ಇಲ್ಲಿನ ರೈತನಿಗೆ ಗೊಬ್ಬರದ ಬೆಲೆ ಗೊತ್ತಿಲ್ಲ ಎಂಬ ಅಂದಿನ ಅಧಿಕಾರಿಗಳ ಮಾತನ್ನು ಅವರು ಒಪ್ಪಲಿಲ್ಲ. ರೈತ ಸಗಣಿಯನ್ನು ಬೆರಣಿ ತಟ್ಟಿ ಉರಿಸುವುದು ಅಜ್ಞಾನದಿಂದಲ್ಲ, ಸೌದೆ ಸಿಗದ್ದರಿಂದ. ಸೌದೆಗೆ ದಾರಿ ಮಾಡಿಕೊಟ್ಟರೆ ಸಗಣಿ ತಾನೇ ಹೊಲ ಸೇರುತ್ತದೆ ಎಂಬುದು ಅವರ ವಾದ. ಅದೇ ಕಾಲದಲ್ಲಿ ಈ ನೆಲದ ರಂಜಕ ಮೂಳೆಯ ರೂಪದಲ್ಲಿ, ಸಾರಜನಕ ಎಣ್ಣೆಬೀಜದ ರೂಪದಲ್ಲಿ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಗೊಬ್ಬರ ಸೀಮೆಯಿಂದ ಬರುವ ಮೊದಲು ಸೀಮೆಗೆ ಹೋಗಿತ್ತು.

ಇದಾದ ಇಪ್ಪತ್ತು ವರ್ಷಕ್ಕೆ, 1909ರಲ್ಲಿ, ಅಮೆರಿಕದ ಮಣ್ಣು ವಿಜ್ಞಾನಿ ಫ್ರಾಂಕ್ಲಿನ್ ಕಿಂಗ್ ಚೀನಾ, ಕೊರಿಯಾ, ಜಪಾನ್ ಪ್ರವಾಸ ಮಾಡಿದರು. ಅವರ ಪುಸ್ತಕ 1911ರಲ್ಲಿ ಬಂತು. ನಾಲ್ಕು ಸಾವಿರ ವರ್ಷ ಉತ್ತ ನೆಲ ಇನ್ನೂ ಬೆಳೆ ಕೊಡುತ್ತಿರುವುದು ಹೇಗೆ ಎಂಬುದು ಅವರ ಕುತೂಹಲ. ಕಂಡ ಉತ್ತರ: ಅಲ್ಲಿ ನೆಲದಿಂದ ತೆಗೆದದ್ದು ನೆಲಕ್ಕೇ ಮರಳುತ್ತಿತ್ತು. ಕಾಲುವೆಯ ಹೂಳು, ಬೂದಿ, ಸೊಪ್ಪು, ಮನುಷ್ಯರ ಮಲ ಎಲ್ಲವೂ. ಶಾಂಘೈ ನಗರದ ಅಂತರರಾಷ್ಟ್ರೀಯ ವಸಾಹತು 1908ರಲ್ಲಿ 78,000 ಟನ್ ಮಲವನ್ನು ಒಬ್ಬ ಗುತ್ತಿಗೆದಾರನಿಗೆ 31,000 ಡಾಲರಿಗೂ ಹೆಚ್ಚು ಬೆಲೆಗೆ ಮಾರಿತ್ತು ಎಂದು ಕಿಂಗ್ ದಾಖಲಿಸಿದ್ದಾರೆ. ನಮ್ಮ ಊರುಗಳು ಕಕ್ಕಸು ಬಳಿಸಲು ದುಡ್ಡು ಕೊಡುತ್ತಿದ್ದ ಕಾಲದಲ್ಲಿ ಅಲ್ಲಿ ನಗರವೇ ಅದನ್ನು ಮಾರಿ ದುಡ್ಡು ಮಾಡುತ್ತಿತ್ತು.

ಕಿಂಗ್ ಪುಸ್ತಕ ಭಾರತಕ್ಕೂ ಬಂತು. ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ರೂಪಿಸಿದ, 1931ರಲ್ಲಿ ಪುಸ್ತಕವಾದ ಕಾಂಪೋಸ್ಟ್ ವಿಧಾನದ ಹಿಂದೆ ಚೀನಾದ ಈ ಮಾದರಿ ಇದೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಇನ್ನೊಂದು ವಿಧಾನ ಸಿದ್ಧಪಡಿಸಿದರು. ಗುಂಡಿಯಲ್ಲಿ ಊರ ಕಸದ ಒಂದು ಪದರ, ಮಲದ ಒಂದು ಪದರ ಹೀಗೆ ಹಾಕುತ್ತ ಬಂದು, ಮೇಲೆ ಕೆಸರು ಮೆತ್ತಿ, ಆರೆಂಟು ತಿಂಗಳು ಬಿಟ್ಟರೆ ಗೊಬ್ಬರ. ಇಂದಿಗೂ ಜಗತ್ತಿನ ಕೃಷಿ ಪಠ್ಯಗಳಲ್ಲಿ ಅದರ ಹೆಸರು ಬೆಂಗಳೂರು ವಿಧಾನ ಎಂದೇ ಇದೆ.

ತಂತ್ರ ಬಂತು, ಆದರೆ ಚೀನಾದಂತೆ ಅದು ಹೊಲಹೊಲಕ್ಕೆ ಇಳಿಯಲಿಲ್ಲ. ಕಾರಣವನ್ನು ಕೃಷಿ ವಿಜ್ಞಾನದಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ಮಲ ಒಂದು ಜಾತಿಯ ತಲೆಯ ಮೇಲೆ ಹೇರಿದ ಹೊರೆಯಾಗಿತ್ತು. ಹುಣಸೂರು ಕ್ಷೇತ್ರದಿಂದ ಬಂದ ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಚೀನಾದ ಹಳೆಯ ಬೇಸಾಯವನ್ನು ಕೊಂಡಾಡುತ್ತ, ನಾವೂ ಹಾಗೇ ಮಾಡಬೇಕಿತ್ತು ಎನ್ನುವವರು ಈ ಒಂದು ಆದೇಶವನ್ನು ಪಕ್ಕದಲ್ಲಿಟ್ಟುಕೊಂಡು ಮಾತಾಡಬೇಕು. ಎರಡು ದೇಶಗಳ ತಿಪ್ಪೆ ಒಂದೇ ಅಲ್ಲ.

ನಾನ್‌ಜಿಂಗ್, ಬೆಳಗೊಳ

ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡುವ ವಿದ್ಯೆಯನ್ನು ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿದರು. 1913ರಲ್ಲಿ ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಇಳಿಸಿದರು. ಕಾಲು ಶತಮಾನದ ನಂತರ ಆ ವಿದ್ಯೆ ಚೀನಾಕ್ಕೂ ಮೈಸೂರಿಗೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂತು. ಫಾನ್ ಷುಡಾಂಗ್ ಎಂಬ ಉದ್ಯಮಿ ಮತ್ತು ಹೌ ಡೆಬಾಂಗ್ ಎಂಬ ರಸಾಯನಶಾಸ್ತ್ರಜ್ಞ ಸೇರಿ ನಾನ್‌ಜಿಂಗ್ ಬಳಿ ಕಟ್ಟಿದ ಕಾರ್ಖಾನೆ 1937ರಲ್ಲಿ ಅಮೋನಿಯಂ ಸಲ್ಫೇಟ್ ತಯಾರಿಸಿತು. ಅದೇ ವರ್ಷ ಜಪಾನಿನ ಬಾಂಬುಗಳು ಅದರ ಮೇಲೆ ಬಿದ್ದವು.

ಇತ್ತ 1930ರ ದಶಕದ ಕೊನೆಯಲ್ಲಿ, ಕನ್ನಂಬಾಡಿ ಕಟ್ಟೆಯ ಸಮೀಪದ ಬೆಳಗೊಳದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ತಲೆಯೆತ್ತಿತು. ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿದ ಭಾರತದ ಮೊದಲ ಕಾರ್ಖಾನೆ ಅದು. ಮೈಸೂರು ಸಂಸ್ಥಾನದ ಬಳಿ ಜಲವಿದ್ಯುತ್ ಇತ್ತು, ಕೈಗಾರಿಕೆ ಕಟ್ಟಬೇಕೆಂಬ ಹಟ ಇತ್ತು. ಮಂಡ್ಯದ ಬಯಲಿಗೆ ಹೊಸದಾಗಿ ನೀರು ಹರಿದು ಕಬ್ಬಿಗೆ, ಭತ್ತಕ್ಕೆ ಗೊಬ್ಬರ ಬೇಕಾಗಿತ್ತು. ಸರಗೂರಿನಿಂದ ಬಸ್ಸಿನಲ್ಲಿ ಅರ್ಧ ದಿನದೊಳಗೆ ಮುಟ್ಟಬಹುದಾದ ಊರಿನಲ್ಲಿ ಸೀಮೆಗೊಬ್ಬರ ತಯಾರಾಗುತ್ತಿತ್ತು. ಆದರೂ ಹೆಸರು ಸೀಮೆಗೊಬ್ಬರವೇ. ಕಾರ್ಖಾನೆ ಚಿಕ್ಕದು, ಅದರ ಸರಕು ನೀರಾವರಿ ಹೊಲಗಳನ್ನು ದಾಟಿ ಮಳೆ ನಂಬಿದ ರಾಗಿ ಹೊಲಗಳವರೆಗೆ ಬರುವಷ್ಟು ಇರಲಿಲ್ಲ. ಇಲ್ಲಿ ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಹೊಂಗೆ ಸೊಪ್ಪು, ಸುಗ್ಗಿಯಾದ ಮೇಲೆ ಹೊಲದಲ್ಲಿ ಕುರಿಮಂದೆ ತರುಬಿಸುವುದು, ಇವೇ ಮುಂದುವರಿದವು.

ಸ್ವಾತಂತ್ರ್ಯದ ನಂತರ 1951ರಲ್ಲಿ ಸಿಂದ್ರಿಯ ಸರ್ಕಾರಿ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಇಡೀ ಭಾರತ ಬಳಸುತ್ತಿದ್ದ ರಾಸಾಯನಿಕ ಪೋಷಕಾಂಶ ಸುಮಾರು 70 ಸಾವಿರ ಟನ್. ಹೆಕ್ಟೇರಿಗೆ ಅರ್ಧ ಕಿಲೋ. ಚೀನಾದ ಸ್ಥಿತಿಯೂ ಇದಕ್ಕಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಅಂತರ ಹುಟ್ಟಿದ್ದು ಆಮೇಲೆ.

ಹಸಿವಿನ ನಂತರ

ಎರಡೂ ದೇಶಗಳನ್ನು ಗೊಬ್ಬರದ ಕಡೆ ತಳ್ಳಿದ್ದು ಹಸಿವು. ಚೀನಾದಲ್ಲಿ 1959ರಿಂದ 1961ರವರೆಗಿನ ಮಹಾಕ್ಷಾಮ ಕೋಟ್ಯಂತರ ಜನರನ್ನು ತಿಂದಿತು. ಭಾರತದಲ್ಲಿ 1965–66ರ ಬರ ಬಂದಾಗ ಅಮೆರಿಕದ ಗೋಧಿಯ ಹಡಗಿಗೆ ಕಾಯುವ ಸ್ಥಿತಿ ಇತ್ತು. ಹೊಸ ತಳಿಗಳು ಬಂದವು. ಅವು ಗೊಬ್ಬರ, ನೀರು ಎರಡೂ ಸಿಕ್ಕರೆ ಮಾತ್ರ ತಮ್ಮ ಶಕ್ತಿ ತೋರಿಸುವ ತಳಿಗಳು.

ಚೀನಾ ಮೊದಲು ಹಿಡಿದ ದಾರಿ ಸಣ್ಣ ಕಾರ್ಖಾನೆಗಳದ್ದು. ಹೌ ಡೆಬಾಂಗ್ ರೂಪಿಸಿದ ಮಾದರಿಯಲ್ಲಿ, ಕಲ್ಲಿದ್ದಲಿನಿಂದ ಅಮೋನಿಯಂ ಬೈಕಾರ್ಬನೇಟ್ ಮಾಡುವ ಸಾವಿರಕ್ಕೂ ಹೆಚ್ಚು ಘಟಕಗಳು ನಮ್ಮ ತಾಲ್ಲೂಕಿಗೆ ಸಮನಾದ ಕೌಂಟಿಗಳಲ್ಲಿ ಎದ್ದವು. ಆ ಗೊಬ್ಬರದ ಗುಣ ಕಡಿಮೆ; ಚೀಲದಲ್ಲಿಯೇ ಆವಿಯಾಗಿ ಹೋಗುತ್ತಿತ್ತು. ಆದರೆ ಅದು ಊರ ಬಾಗಿಲಲ್ಲೇ ತಯಾರಾಗುತ್ತಿತ್ತು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಹೋಗಿಬಂದ ಮೇಲೆ ಚೀನಾ ಮಾಡಿದ ಮೊದಲ ದೊಡ್ಡ ಖರೀದಿಗಳಲ್ಲಿ ಜಗತ್ತಿನ ಅತಿ ದೊಡ್ಡ ಗಾತ್ರದ 13 ಅಮೋನಿಯಾ–ಯೂರಿಯಾ ಕಾರ್ಖಾನೆಗಳು ಸೇರಿದ್ದವು. ಅವುಗಳಲ್ಲಿ 8 ಅಮೆರಿಕದ ಕೆಲ್ಲಾಗ್ ಕಂಪನಿಯವು.

ನಮ್ಮ ಸೀಮೆಯಲ್ಲಿ 1970ರ ದಶಕ ಬೇರೆ ರೀತಿಯಲ್ಲಿ ದೊಡ್ಡದು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು ಗೇಣಿದಾರರು ಒಡೆಯರಾದರು. ಅದೇ ವರ್ಷ ಕಪಿಲೆಗೆ ಅಡ್ಡಲಾಗಿ ಕಬಿನಿ ಜಲಾಶಯ ಪೂರ್ಣಗೊಂಡಿತು. 1976ರಲ್ಲಿ ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಯೂರಿಯಾ ತಯಾರಿಸಲು ಆರಂಭಿಸಿತು. 1977ರಲ್ಲಿ ಕೇಂದ್ರ ಸರ್ಕಾರ ಒಂದು ಬೆಲೆ ಪದ್ಧತಿ ತಂದಿತು: ಕಾರ್ಖಾನೆಗೆ ಎಷ್ಟೇ ಖರ್ಚು ಬರಲಿ, ರೈತನಿಗೆ ಒಂದೇ ಬೆಲೆ, ವ್ಯತ್ಯಾಸವನ್ನು ಸರ್ಕಾರ ಕಾರ್ಖಾನೆಗೆ ತುಂಬಿಕೊಡುತ್ತದೆ. ಭೂಮಿ, ನೀರು, ಚೀಲ, ಬೆಲೆ ನಾಲ್ಕೂ ನಾಲ್ಕು ವರ್ಷದೊಳಗೆ ಬಂದವು. ಸರ್ಕಾರಿ ಗೊಬ್ಬರ ಎಂಬ ಹೆಸರು ಇಲ್ಲಿ ಅಕ್ಷರಶಃ ನಿಜವಾಯಿತು.

ಆದರೆ ನಾಲ್ಕೂ ಒಂದೇ ಕಡೆ ಬರಲಿಲ್ಲ. ಕಬಿನಿ ಜಲಾಶಯ ನಿಂತದ್ದು ಕೋಟೆ ಸೀಮೆಯಲ್ಲಿ, ಹಳ್ಳಿಗಳು ಮುಳುಗಿದ್ದೂ ಇಲ್ಲೇ. ನಾಲೆಯ ನೀರು ಹೆಚ್ಚಾಗಿ ಹರಿದದ್ದು ಕೆಳಗಿನ ನಂಜನಗೂಡು, ತಿ. ನರಸೀಪುರ, ಚಾಮರಾಜನಗರದ ಕಡೆಗೆ. ಕಾವೇರಿಯ ಹಳೆಯ ನಾಲೆಗಳಿದ್ದ ಕೆ.ಆರ್. ನಗರದಲ್ಲಿ ಭತ್ತದ ಗದ್ದೆಗೆ ಗೊಬ್ಬರ ಸುಲಭವಾಗಿ ಒಗ್ಗಿತು. ಸರಗೂರಿನ ಬಹುಪಾಲು ಕೆಂಪು ನೆಲ ಮಳೆಯನ್ನೇ ನೋಡುತ್ತ ಉಳಿಯಿತು. ಮಳೆ ಕೈಕೊಟ್ಟರೆ ಹಾಕಿದ ಯೂರಿಯಾ ಬೆಳೆಗೆ ದಕ್ಕುವುದಿಲ್ಲ. ಹಾಗಾಗಿ ಇಲ್ಲಿ ಗೊಬ್ಬರ ಹಾಕುವುದು ಬೇಸಾಯದಷ್ಟೇ ಜೂಜೂ ಹೌದು.

ಬೆಲೆ ಕಲಿಸಿದ ಪಾಠ

ಎರಡು ದೇಶಗಳ ದಾರಿ ನಿಜವಾಗಿ ಕವಲೊಡೆದದ್ದು 1980ರ ನಂತರ. ಚೀನಾದಲ್ಲಿ ಕಮ್ಯೂನ್‌ಗಳು ಒಡೆದು ಜಮೀನು ಕುಟುಂಬಗಳ ಕೈಗೆ ಬಂತು. ಒಂದೊಂದು ಮನೆಗೆ ಒಂದು ಹೆಕ್ಟೇರಿಗಿಂತ ಕಡಿಮೆ. ಗಂಡಾಳುಗಳು ನಗರದ ಕಾರ್ಖಾನೆಗೆ ಹೋದರು. ಹೊಲದಲ್ಲಿ ಉಳಿದ ವಯಸ್ಸಾದವರಿಗೆ ಎರಡು ಮೂರು ಕಂತಿನಲ್ಲಿ ಮೇಲುಗೊಬ್ಬರ ಕೊಡುವಷ್ಟು ಕೈಯಿರಲಿಲ್ಲ. ಬಿತ್ತುವಾಗಲೇ ಎಲ್ಲವನ್ನೂ ಸುರಿದುಬಿಡುವುದು ರೂಢಿಯಾಯಿತು. ಸರ್ಕಾರ ಕಾರ್ಖಾನೆಗಳಿಗೆ ಅಗ್ಗದ ವಿದ್ಯುತ್, ಅಗ್ಗದ ಅನಿಲ, ತೆರಿಗೆ ವಿನಾಯಿತಿ ಕೊಟ್ಟಿತು. ಹಣ್ಣು, ತರಕಾರಿಯ ಬೇಸಾಯ ಹಬ್ಬಿತು. ಅಲ್ಲಿ ಗೊಬ್ಬರದ ಬಳಕೆ ಧಾನ್ಯದ ಹೊಲಗಳಿಗಿಂತ ಬಹಳ ಹೆಚ್ಚು. ಪರಿಣಾಮ ನೆಲದಲ್ಲಿಯೂ ನೀರಿನಲ್ಲಿಯೂ ಕಂಡಿತು. 2007ರಲ್ಲಿ ತೈಹು ಸರೋವರದ ತುಂಬ ಪಾಚಿ ಬೆಳೆದು ವುಶಿ ನಗರದ ಕುಡಿಯುವ ನೀರೇ ನಿಂತಿತು. ಹೊಲಗಳಿಂದ ಹರಿದ ಗೊಬ್ಬರ ಅದರ ಕಾರಣಗಳಲ್ಲೊಂದು. 1980ರ ದಶಕದಿಂದ 2000ದ ದಶಕದೊಳಗೆ ಚೀನಾದ ಮುಖ್ಯ ಬೇಸಾಯದ ನೆಲಗಳು ಗಣನೀಯವಾಗಿ ಹುಳಿಯಾಗಿವೆ, ಅದರಲ್ಲಿ ಸಾರಜನಕ ಗೊಬ್ಬರದ ಪಾಲು ದೊಡ್ಡದು ಎಂದು 2010ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು.

ಭಾರತದ ಕಾಯಿಲೆ ಬೇರೆ. ಇಲ್ಲಿ ಒಟ್ಟು ಪ್ರಮಾಣಕ್ಕಿಂತ ಅಳತೆಯ ಏರುಪೇರೇ ದೊಡ್ಡ ಸಮಸ್ಯೆ. 1992ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯನ್ನು ನಿಯಂತ್ರಣದಿಂದ ಬಿಟ್ಟಿತು. ಯೂರಿಯಾ ಮಾತ್ರ ನಿಯಂತ್ರಣದಲ್ಲೇ ಉಳಿಯಿತು, ಅದರ ಬೆಲೆ ಇನ್ನೂ ಇಳಿಯಿತು. 1991–92ರಲ್ಲಿ ದೇಶದ ರೈತರು ಒಂದು ಪಾಲು ಪೊಟ್ಯಾಷ್‌ಗೆ 5.9 ಪಾಲು ಸಾರಜನಕ ಹಾಕುತ್ತಿದ್ದರು. ಮರುವರ್ಷವೇ ಅದು 9.5 ಪಾಲಾಯಿತು. ಒಂದು ವರ್ಷದಲ್ಲಿ ದೇಶದ ಮಣ್ಣು ಬದಲಾಗಲಿಲ್ಲ, ಬೆಳೆ ಬದಲಾಗಲಿಲ್ಲ, ರೈತನ ಬುದ್ಧಿಯೂ ಬದಲಾಗಲಿಲ್ಲ. ಬದಲಾದದ್ದು ಚೀಲದ ಮೇಲಿನ ಬೆಲೆ.

ಪಾಠ ಕಲಿತ ಹಾಗೆ ಕಾಣಲಿಲ್ಲ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಮತ್ತೆ ಯೂರಿಯಾ ಹೊರಗುಳಿಯಿತು. 2009–10ರಲ್ಲಿ 4.3ಕ್ಕೆ ಇಳಿದಿದ್ದ ಸಾರಜನಕದ ಪಾಲು 2012–13ಕ್ಕೆ 8.2 ಆಯಿತು. ಇಂದು 45 ಕಿಲೋ ಯೂರಿಯಾ ಚೀಲ ರೈತನಿಗೆ ಸುಮಾರು 266 ರೂಪಾಯಿ. 50 ಕಿಲೋ ಡಿಎಪಿ 1,350 ರೂಪಾಯಿ. ಅಂಗಡಿಯ ಮುಂದೆ ನಿಂತ ಎರಡು ಎಕರೆಯ ರೈತ ಯಾವುದನ್ನು ಎತ್ತಿಕೊಳ್ಳುತ್ತಾನೆ ಎಂದು ಹೇಳಲು ಅರ್ಥಶಾಸ್ತ್ರ ಬೇಕಿಲ್ಲ. ಯೂರಿಯಾ ಬಿದ್ದ ವಾರಕ್ಕೆ ಪೈರು ಕಡುಹಸಿರಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಪೊಟ್ಯಾಷ್ ಮಾಡುವ ಕೆಲಸ ಹಾಗೆ ಕಾಣುವುದಿಲ್ಲ.

ಇಲ್ಲಿಗೆ ಹೋಲಿಕೆಯ ಒಂದು ಮುಖ ಸ್ಪಷ್ಟವಾಗುತ್ತದೆ. ಚೀನಾದ ರೈತ ಹೆಚ್ಚು ಹಾಕಿದ್ದೂ ಭಾರತದ ರೈತ ಅಳತೆ ತಪ್ಪಿ ಹಾಕಿದ್ದೂ ತಮ್ಮ ತಮ್ಮ ಸರ್ಕಾರಗಳು ಕಟ್ಟಿದ ಬೆಲೆಗೆ ಕೊಟ್ಟ ಉತ್ತರ. ಇಬ್ಬರನ್ನೂ ಅವಿವೇಕಿಗಳೆಂದು ಕರೆಯುವ ಲೇಖನಗಳು ಬೆಲೆಯ ಕತೆಯನ್ನು ಬಿಟ್ಟುಬಿಡುತ್ತವೆ.

ಸರಾಸರಿಯೊಳಗೆ ಸಿಗದ ಸರಗೂರು

ಭಾರತದ ಸರಾಸರಿ ಹೆಕ್ಟೇರಿಗೆ 150 ಕಿಲೋ ಎಂದೆವು. ಸರಗೂರು, ಕೋಟೆ, ಹುಣಸೂರು ಸೀಮೆಯಲ್ಲಿ ಆ ಸರಾಸರಿ ಹೊಲವನ್ನು ಹುಡುಕಿಕೊಂಡು ಹೋದರೆ ಸಿಗುವುದು ಕಷ್ಟ. ಮಳೆಯಾಶ್ರಿತ ರಾಗಿ, ಅವರೆ, ಹುರುಳಿ ಹೊಲಕ್ಕೆ ಕೊಟ್ಟಿಗೆ ಗೊಬ್ಬರದ ಜೊತೆ ಒಂದಿಷ್ಟು ಡಿಎಪಿ ಬಿದ್ದರೆ ಹೆಚ್ಚು. ಪಕ್ಕದ ಹತ್ತಿ ಹೊಲಕ್ಕೆ ‘ಇಪ್ಪತ್ತು–ಇಪ್ಪತ್ತು’ ತಳಗೊಬ್ಬರ, ಆಮೇಲೆ ಯೂರಿಯಾ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಲೆಕ್ಕವೇ ಬೇರೆ. ಮಾಮೂಲಿ ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ಎಲೆಗೆ ಸೇರಿದರೆ ಎಲೆ ಸರಿಯಾಗಿ ಉರಿಯುವುದಿಲ್ಲ. ಹಾಗಾಗಿ ಅಲ್ಲಿ ಪೊಟ್ಯಾಷ್ ಸಲ್ಫೇಟ್ ಬೇಕು. ಅದು ದುಬಾರಿ. 1976ರಲ್ಲಿ ಹುಟ್ಟಿದ ತಂಬಾಕು ಮಂಡಳಿ ನೋಂದಾಯಿತ ಬೆಳೆಗಾರರಿಗೆ ಇಂಥ ಗೊಬ್ಬರ ಸಿಗುವಂತೆ ನೋಡಿಕೊಳ್ಳುತ್ತದೆ. ಹುಣಸೂರಿನಲ್ಲಿ ತಂಬಾಕಿಗೆಂದೇ ಸಂಶೋಧನಾ ಕೇಂದ್ರವಿದೆ. ರಫ್ತಾಗುವ ಎಲೆಗೆ ಯಾವ ಉಪ್ಪು ಎಷ್ಟು ಬೇಕೆಂದು ಅಳೆದು ಹೇಳುವವರಿದ್ದಾರೆ, ಊಟಕ್ಕೆ ಬೇಕಾದ ರಾಗಿಗೆ ಅಷ್ಟು ಕಾಳಜಿ ಸಿಕ್ಕಿಲ್ಲ.

ಇನ್ನು ಶುಂಠಿ. ವಯನಾಡಿನಿಂದ ಬಂದ ಬೆಳೆಗಾರರು ಕೋಟೆ, ಸರಗೂರು, ಹುಣಸೂರಿನ ಜಮೀನುಗಳನ್ನು ಗುತ್ತಿಗೆ ಹಿಡಿದು ಶುಂಠಿ ಹಾಕುವುದು ಇಲ್ಲಿ ಹಳೆಯ ಸಂಗತಿ. ಶುಂಠಿಗೆ ಕೊಳೆರೋಗ ಹತ್ತುವುದರಿಂದ ಒಂದೇ ನೆಲದಲ್ಲಿ ಮತ್ತೆ ಮತ್ತೆ ಹಾಕಲಾಗದು. ಬೆಳೆ ತೆಗೆದು ಮುಂದಿನ ಹೊಲಕ್ಕೆ ಹೋಗಬೇಕು. ನಾಳೆ ಬಿಟ್ಟುಹೋಗುವ ನೆಲಕ್ಕೆ ಎಷ್ಟು ಹಾಕಿದರೂ ಆ ವರ್ಷದ ಇಳುವರಿಯೇ ಲೆಕ್ಕ. ಚೀನಾದ ತರಕಾರಿ ಹೊಲಗಳ ಕತೆ ಕೇಳಬೇಕಾದವರು ದೂರ ಹೋಗಬೇಕಿಲ್ಲ. ಒಂದು ಬದುವಿನ ಆಚೆ ಶುಂಠಿಯ ಹೊಲದಲ್ಲಿ ಚೀನಾ ಇದೆ, ಈಚೆ ರಾಗಿ ಹೊಲದಲ್ಲಿ 1960ರ ಭಾರತ ಇದೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಎರಡು ಹೊಲಕ್ಕೂ ಸಂಬಂಧಿಸಿದ್ದಲ್ಲ.

ಕೊಟ್ಟಿಗೆ ಗೊಬ್ಬರಕ್ಕೆ ಮರಳೋಣ ಎನ್ನುವವರು ಓದಬೇಕಾದ ಒಂದು ಅಧ್ಯಯನವಿದೆ. ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ್ದು. 1990ರ ದಶಕದಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಏರಿದಾಗ, ಬಂಡೀಪುರದ ಅಂಚಿನ ಹಳ್ಳಿಗಳ ಸಗಣಿ ಲಾರಿ ಹತ್ತಿ ವಯನಾಡಿನ ಕಾಫಿ ತೋಟಗಳಿಗೆ ಹೋಯಿತು. ಹೊಲಕ್ಕೆ ಬೀಳುತ್ತಿದ್ದ ಸಗಣಿ ಮಾರಾಟದ ಸರಕಾಯಿತು. ಅದಕ್ಕಾಗಿಯೇ ದನ ಸಾಕಿ ಕಾಡಿನಲ್ಲಿ ಮೇಯಿಸುವುದು ಹೆಚ್ಚಿತು. ಕಾಡಿನ ಹುಲ್ಲು ಸಗಣಿಯಾಗಿ, ಸಗಣಿ ಕಾಫಿಯಾಗಿ ಯುರೋಪಿಗೆ ಹೋಯಿತು. ನೂರು ವರ್ಷದ ಹಿಂದೆ ಮೂಳೆ ಹೋದ ದಾರಿ ಅದೇ. ತಿಪ್ಪೆಯೂ ಮಾರುಕಟ್ಟೆಯ ಹೊರಗಿಲ್ಲ. ಸಾವಯವಕ್ಕೆ ಮರಳುವ ಮಾತಿಗೆ ಅರ್ಥ ಬರಬೇಕಾದರೆ ಮೊದಲು ಸಗಣಿ ಊರಲ್ಲಿ ಉಳಿಯಬೇಕು. ಅದು ಉಳಿಯಬೇಕಾದರೆ ರೈತನಿಗೆ ಲಾರಿಯವನು ಕೊಡುವ ದುಡ್ಡಿಗಿಂತ ಹೊಲದಲ್ಲಿ ಹೆಚ್ಚು ಹುಟ್ಟಬೇಕು.

2015: ಎರಡು ಉತ್ತರಗಳು

2015ರಲ್ಲಿ ಎರಡೂ ದೇಶಗಳು ತಮ್ಮ ತಮ್ಮ ಕಾಯಿಲೆಗೆ ಮದ್ದು ಘೋಷಿಸಿದವು. ಚೀನಾ, 2020ರ ಹೊತ್ತಿಗೆ ಗೊಬ್ಬರದ ಬಳಕೆಯ ಬೆಳವಣಿಗೆಯನ್ನು ಸೊನ್ನೆಗೆ ತರುವ ಯೋಜನೆ ಹಾಕಿತು. ಕಾರ್ಖಾನೆಗಳಿಗಿದ್ದ ರಿಯಾಯಿತಿಗಳನ್ನು ಹಿಂತೆಗೆಯಿತು. ಭಾರತ, ಯೂರಿಯಾ ಎಲ್ಲಕ್ಕೂ ಬೇವಿನ ಎಣ್ಣೆಯ ಲೇಪ ಕಡ್ಡಾಯ ಮಾಡಿತು; ಮಣ್ಣು ಆರೋಗ್ಯ ಚೀಟಿ ಯೋಜನೆ ಆರಂಭಿಸಿತು. ಚೀನಾದ ಬಳಕೆ 2020ಕ್ಕೆ ಸುಮಾರು 5.25 ಕೋಟಿ ಟನ್ನಿಗೆ ಇಳಿಯಿತು, ಧಾನ್ಯದ ಉತ್ಪಾದನೆ ಇಳಿಯಲಿಲ್ಲ. ಭಾರತದಲ್ಲಿ ಬಳಕೆ ಏರುತ್ತಲೇ ಹೋಯಿತು. 2022–23ರಲ್ಲಿ ಗೊಬ್ಬರದ ಸಬ್ಸಿಡಿಯೇ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಆಯಿತು.

ಚೀನಾದಲ್ಲಿ ಇಳಿದದ್ದು ಹೇಗೆ? ಆದೇಶದ ಬಲ ಒಂದು ಭಾಗ, ಬೆಲೆಯ ಬದಲಾವಣೆ ಇನ್ನೊಂದು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು. 2009ರಲ್ಲಿ ಹೆಬೈ ಪ್ರಾಂತ್ಯದ ಕುಜೌ ಎಂಬಲ್ಲಿ ಮಣ್ಣು ವಿಜ್ಞಾನಿ ಜಾಂಗ್ ಫುಸುವೊ ನೇತೃತ್ವದಲ್ಲಿ ಚೀನಾ ಕೃಷಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಹಳ್ಳಿಯಲ್ಲೇ ಮನೆ ಮಾಡಿದರು. ರೈತನ ಹೊಲದಲ್ಲೇ ಪ್ರಯೋಗ, ಅವನ ಮನೆಯ ಅಂಗಳದಲ್ಲೇ ಪಾಠ. ವಿಜ್ಞಾನ–ತಂತ್ರಜ್ಞಾನದ ಹಿತ್ತಿಲು ಎಂದು ಅದಕ್ಕೆ ಹೆಸರು. 2005ರಿಂದ 2015ರವರೆಗೆ ದೇಶದಾದ್ಯಂತ ನಡೆದ ಇನ್ನೂ ದೊಡ್ಡ ಪ್ರಯತ್ನದಲ್ಲಿ 2.09 ಕೋಟಿ ಸಣ್ಣ ರೈತರು ಸೇರಿದರು. ಇಳುವರಿ ಸುಮಾರು 11 ಪ್ರತಿಶತ ಏರಿತು, ಸಾರಜನಕದ ಬಳಕೆ 15ರಿಂದ 18 ಪ್ರತಿಶತ ಇಳಿಯಿತು. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಇದು. ಆ ರೈತರ ಹಿಡುವಳಿ ಸರಗೂರಿನ ಸಣ್ಣ ರೈತರದ್ದಕ್ಕಿಂತ ದೊಡ್ಡದೇನಲ್ಲ.

ನಮ್ಮ ಚೀಟಿಯ ಕತೆ ನೋಡಿ. ಯೋಜನೆಯ ನಿಯಮದ ಪ್ರಕಾರ ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಣ್ಣಿನ ಮಾದರಿ. ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು. ಹತ್ತು ಹೆಕ್ಟೇರ್ ಎಂದರೆ 25 ಎಕರೆ. ಸರಗೂರಿನ ಎರಡು ಎಕರೆಯ ಲೆಕ್ಕದಲ್ಲಿ ಹನ್ನೆರಡು ಮನೆಗಳ ಹೊಲ. ಅದರೊಳಗೆ ಕಲ್ಲುನೆಲವೂ ಇರುತ್ತದೆ, ತಗ್ಗಿನ ಎರೆಯೂ ಇರುತ್ತದೆ, ಕಳೆದ ವರ್ಷ ಶುಂಠಿ ಹಾಕಿ ಬಿಟ್ಟ ತುಂಡೂ ಇರುತ್ತದೆ. ಹನ್ನೆರಡು ಮನೆಗೂ ಒಂದೇ ಚೀಟಿಯ ಅಂಕಿ. ಅತಿ ಹೆಚ್ಚು ವೈವಿಧ್ಯವಿರುವ ನೆಲಕ್ಕೆ ಅತಿ ಕಡಿಮೆ ಮಾದರಿ. ದೇಶದ ಸರಾಸರಿ ಮಾಡಿದ ತಪ್ಪನ್ನೇ ಚೀಟಿಯೂ ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ.

ಒಂದೇ ಚೀಲದ ಎರಡು ತುದಿ

ಇಷ್ಟು ಹೊತ್ತು ಎರಡು ದೇಶಗಳನ್ನು ಎರಡು ತಟ್ಟೆಗಳಲ್ಲಿಟ್ಟು ತೂಗಿದೆವು. ನಿಜದಲ್ಲಿ ಅವು ಈಗ ಬೇರೆ ಬೇರೆ ತಟ್ಟೆಗಳಲ್ಲಿ ಇಲ್ಲ. 1990ರ ದಶಕದ ಮಧ್ಯದವರೆಗೆ ಚೀನಾ ಜಗತ್ತಿನ ದೊಡ್ಡ ಯೂರಿಯಾ ಖರೀದಿದಾರರಲ್ಲೊಂದು. ಆಮೇಲೆ ದೊಡ್ಡ ಮಾರಾಟಗಾರ. ಅದರಿಂದ ಯೂರಿಯಾ, ಡಿಎಪಿ ಕೊಳ್ಳುವವರಲ್ಲಿ ಭಾರತ ಮುಂದಿತ್ತು. 2021ರ ಅಕ್ಟೋಬರ್‌ನಿಂದ ಚೀನಾ ತನ್ನ ರೈತರಿಗೆ ಮೊದಲು ಸಿಗಲಿ ಎಂದು ರಫ್ತಿಗೆ ಬಿಗಿ ನಿಯಮ ತಂದಿತು. 2025ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ಯೂರಿಯಾ ಅಭಾವವಾಗಿ ಅಂಗಡಿ, ಸೊಸೈಟಿಗಳ ಮುಂದೆ ಸಾಲು ಬೆಳೆದಾಗ ರಾಜ್ಯ ಮತ್ತು ಕೇಂದ್ರ ಪರಸ್ಪರ ಬೊಟ್ಟು ಮಾಡಿದವು. ಆ ಸಾಲಿನ ಒಂದು ತುದಿ ಚೀನಾದ ಬಂದರಿನಲ್ಲೂ ಇತ್ತು. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಕೊಡುವ ಹದ ಹತ್ತು ಹನ್ನೆರಡು ದಿನದ್ದು. ಹಡಗು ಬರುವಷ್ಟರಲ್ಲಿ ಅದು ಕಳೆದಿರುತ್ತದೆ.

ಹಾಗಾಗಿ ಚೀನಾದಿಂದ ನಾವು ಕಲಿಯಬೇಕಾದದ್ದು ಅದರ ಅಂಕಿಯಲ್ಲಿಲ್ಲ, ಆ ಅಂಕಿಯನ್ನು ಅದು ಇಳಿಸಿದ ಕ್ರಮದಲ್ಲಿದೆ. ಒಂದು, ಯೂರಿಯಾ, ರಂಜಕ, ಪೊಟ್ಯಾಷ್‌ಗಳ ಬೆಲೆಯ ಅನುಪಾತ ಸರಿಯಾಗದೆ ಯಾವ ಉಪದೇಶವೂ ಹೊಲ ತಲುಪುವುದಿಲ್ಲ. ಆದರೆ ಬೆಲೆ ಸರಿಪಡಿಸುವ ಹೆಸರಿನಲ್ಲಿ ಯೂರಿಯಾ ಬೆಲೆಯನ್ನು ಒಮ್ಮೆಗೇ ಏರಿಸಿದರೆ ಮೊದಲು ಪೆಟ್ಟು ತಿನ್ನುವುದು ಈಗಾಗಲೇ ಕಡಿಮೆ ಹಾಕುತ್ತಿರುವ ಮಳೆಯಾಶ್ರಿತ ರೈತ. ಶುಂಠಿಯ ಗುತ್ತಿಗೆದಾರ ಆ ಏರಿಕೆಯನ್ನು ತಾಳಿಕೊಳ್ಳುತ್ತಾನೆ, ರಾಗಿಯವನು ಚೀಲವನ್ನೇ ಬಿಡುತ್ತಾನೆ. ಉಳಿತಾಯವಾದ ಸಬ್ಸಿಡಿ ಹಣ ಎಕರೆಯ ಲೆಕ್ಕದಲ್ಲಿ ನೇರವಾಗಿ ಅವನ ಕೈಗೆ ಬಂದರೆ ಮಾತ್ರ ಅದು ಸುಧಾರಣೆ.

ಎರಡು, ಮಣ್ಣನ್ನು ಓದಿ ಹೇಳುವ ಮನುಷ್ಯರು ಊರಲ್ಲಿರಬೇಕು. ಇದಕ್ಕೆ ನಮ್ಮಲ್ಲಿ ಅರ್ಧ ವ್ಯವಸ್ಥೆ ಆಗಲೇ ಇದೆ. ಸುತ್ತೂರಿನಲ್ಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಕೃಷಿ ವಿಶ್ವವಿದ್ಯಾಲಯಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆಂದು ಕೆಲವು ತಿಂಗಳು ಹಳ್ಳಿಯಲ್ಲಿ ತಂಗುತ್ತಾರೆ, ಊರಿನ ನಕ್ಷೆ ಬರೆಯುತ್ತಾರೆ, ಬೀಜೋಪಚಾರ ತೋರಿಸುತ್ತಾರೆ, ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ಪರೀಕ್ಷೆಗೆ ಹೊರಟುಹೋಗುತ್ತಾರೆ. ಕುಜೌ ಕಡೆಯ ಹಳ್ಳಿಗಳಲ್ಲಿ ಅವರ ಓರಗೆಯವರು ಒಂದು ಬೆಳೆ ಮುಗಿದು ಮುಂದಿನ ಬೆಳೆ ಬರುವವರೆಗೂ ಉಳಿಯುತ್ತಾರೆ. ಸರಗೂರಿನ ಹತ್ತಿ, ರಾಗಿ, ಶುಂಠಿಯ ಒಂದು ಇಡೀ ಸುತ್ತು ಮುಗಿಯಲು ಮೂರು ವರ್ಷ ಬೇಕು. ಒಂದು ಪಿಎಚ್‌ಡಿ ಮುಗಿಯಲು ಬೇಕಾಗುವುದೂ ಕಡಿಮೆಯೆಂದರೆ ಅಷ್ಟೇ ಕಾಲ.